ಆ ಎಂಬತ್ತನ್ನು ಇಟ್ಟವರು ಯಾರು?

ಪುಣೆ–ನಾಸಿಕ ಹೆದ್ದಾರಿ ಭೋಸರಿಯನ್ನು ಹಾಯುವ ಕಡೆ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆಯ ಆವರಣವಿದೆ. 1967ರಲ್ಲಿ ಶುರುವಾದ, ಸಿಐಆರ್‌ಟಿ ಎಂಬ ಮೊಟಕು ಹೆಸರಿನಲ್ಲೇ ಬಳಕೆಯಲ್ಲಿರುವ ಈ ಸಂಸ್ಥೆ ರಾಜ್ಯ ಸಾರಿಗೆ ನಿಗಮಗಳ ಅಧಿಕಾರಿಗಳಿಗೆ ತರಬೇತಿ ಕೊಡುತ್ತದೆ, ಬಸ್ಸುಗಳನ್ನೂ ಅವುಗಳ ಬಿಡಿಭಾಗಗಳನ್ನೂ ಪರೀಕ್ಷಿಸಿ ಪ್ರಮಾಣಪತ್ರ ನೀಡುತ್ತದೆ. ಪರೀಕ್ಷೆಗೆ ಬರುವ ವಸ್ತುಗಳಲ್ಲಿ ಒಂದು ಸಣ್ಣ ಪೆಟ್ಟಿಗೆಯೂ ಉಂಟು: ವಾಹನ ಎಲ್ಲಿದೆ ಎಂದು ಬಿಡುವಿಲ್ಲದೆ ವರದಿ ಕಳಿಸುತ್ತಿರುವ ಸಾಧನ. 2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಓಡುವ ಬಸ್ಸಿನೊಳಗೆ ನಡೆದ ಘೋರ ಕೃತ್ಯದ ನಂತರ, ಸಾರ್ವಜನಿಕ ವಾಹನಗಳಲ್ಲಿ ಇಂಥದೊಂದು ಸಾಧನವೂ ತುರ್ತು ಗುಂಡಿಯೂ ಇರಲೇಬೇಕೆಂಬ ಒತ್ತಾಯ ಬಲವಾಯಿತು. ಅದಕ್ಕಾಗಿ ಎಐಎಸ್-140 ಎಂಬ ಮಾನದಂಡ ಬಂತು. 2016ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. 2019ರ ಜನವರಿ 1ರಿಂದ ನೋಂದಣಿಯಾಗುವ ಟ್ಯಾಕ್ಸಿ, ಬಸ್ಸುಗಳಿಗೆ ಇದು ಕಡ್ಡಾಯವಾಯಿತು. ಆಟೊರಿಕ್ಷಾಗಳಿಗೆ ವಿನಾಯಿತಿ ಸಿಕ್ಕಿತು. ಉದ್ದೇಶ ಒಳ್ಳೆಯದೆಂಬ ಬಗ್ಗೆ ತಕರಾರಿಲ್ಲ.

ಪ್ರಯೋಗಾಲಯದಲ್ಲಿ ಈ ಸಾಧನಕ್ಕೆ ಹಾಕುವ ಪ್ರಶ್ನೆಗಳನ್ನು ಗಮನಿಸಿ. ಕುಲುಕಾಟ ತಡೆಯುತ್ತದೆಯೇ? ಬಿಸಿಲಿಗೆ, ದೂಳಿಗೆ, ನೀರಿಗೆ ಕೆಡದೆ ಉಳಿಯುತ್ತದೆಯೇ? ಬ್ಯಾಟರಿಯ ವೈರು ಕಿತ್ತರೆ ಎಚ್ಚರಿಕೆ ಕಳಿಸುತ್ತದೆಯೇ? ನೆಟ್‌ವರ್ಕ್ ಇಲ್ಲದ ಕಡೆ ಮಾಹಿತಿಯನ್ನು ಕೂಡಿಟ್ಟುಕೊಂಡು ಆಮೇಲೆ ರವಾನಿಸುತ್ತದೆಯೇ? ಎಲ್ಲವೂ ಅಳೆಯಬಹುದಾದ, ಅಳೆಯಲೇಬೇಕಾದ ಪ್ರಶ್ನೆಗಳು. ಆದರೆ ಒಬ್ಬ ಟ್ಯಾಕ್ಸಿ ಚಾಲಕ ವರ್ಷವಿಡೀ ಎಲ್ಲೆಲ್ಲಿ ಸುತ್ತಿದ, ಎಲ್ಲಿ ಎಷ್ಟು ಹೊತ್ತು ನಿಂತ, ಯಾರ ಮನೆಯ ಮುಂದೆ ಕಾದ ಎಂಬ ದಾಖಲೆ ನಿಯಂತ್ರಣ ಕೊಠಡಿಯಲ್ಲಿ ಎಷ್ಟು ದಿನ ಉಳಿಯಬೇಕು, ಯಾರು ಅದನ್ನು ತೆರೆದು ನೋಡಬಹುದು, ನೋಡಿದವರ ಹೆಸರು ದಾಖಲಾಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಆ ಪರೀಕ್ಷಾ ಮೇಜಿನ ಮೇಲೆ ಜಾಗವಿಲ್ಲ. ಅವು ತಂತ್ರಜ್ಞಾನದ ಪ್ರಶ್ನೆಗಳಲ್ಲ, ಆಡಳಿತದ ಪ್ರಶ್ನೆಗಳೆಂದು ನಾವು ವಿಂಗಡಿಸಿಬಿಟ್ಟಿದ್ದೇವೆ. ಈ ಅಧ್ಯಾಯದ ವಾದವೆಲ್ಲ ಈ ವಿಂಗಡಣೆಯ ಸುತ್ತಲೇ ಇದೆ. ಅದು ತಪ್ಪು ವಿಂಗಡಣೆ ಎಂಬುದು ನನ್ನ ಅಭಿಪ್ರಾಯ. ತಾನಾಗಿ ನೋಡುವ, ತಾನಾಗಿ ನೆನಪಿಡುವ, ತಾನಾಗಿ ಬೆರಳು ತೋರುವ ಯಂತ್ರಗಳಲ್ಲಿ ನೈತಿಕ ನಿರ್ಧಾರಗಳು ಬರುವುದು ಭಾಷಣದ ರೂಪದಲ್ಲಲ್ಲ, ಅಂಕಿಗಳ ರೂಪದಲ್ಲಿ. ಎಷ್ಟು ಸೆಕೆಂಡಿಗೊಮ್ಮೆ ವರದಿ, ಎಷ್ಟು ದಿನ ನೆನಪು, ಎಷ್ಟು ಹೋಲಿಕೆಯಿದ್ದರೆ ‘ಇವನೇ ಅವನು’ ಎನ್ನಬೇಕು. ಆ ಅಂಕಿಗಳನ್ನು ಮೊದಲು ಬರೆಯುವವರು ವಿಜ್ಞಾನಿಗಳು ಮತ್ತು ಎಂಜಿನಿಯರುಗಳು. ಮಂತ್ರಿಗಳೂ ಪೊಲೀಸರೂ ಬರುವುದು ಆಮೇಲೆ.

ಭೋಸರಿಗೆ ಅಂಟಿಕೊಂಡಂತೆಯೇ ದಿಘಿ ಇದೆ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿಆರ್‌ಡಿಒ) ಎಂಜಿನಿಯರಿಂಗ್ ಪ್ರಯೋಗಾಲಯ ಇರುವುದು ಅಲ್ಲಿ; ಸೈನ್ಯದ ‘ಸರ್ವತ್ರ’ ಸೇತುವೆ, ಬಾಂಬು ನಿಷ್ಕ್ರಿಯಗೊಳಿಸುವ ‘ದಕ್ಷ’ ರೋಬಾಟ್ ಬಂದದ್ದು ಅಲ್ಲಿಂದ. ಮುಂಬೈ ಐಐಟಿಯ ಹಳೆಯ ವಿದ್ಯಾರ್ಥಿಗಳು ಕಟ್ಟಿದ ಐಡಿಯಾಫೋರ್ಜ್ ಕಂಪನಿಯೊಂದಿಗೆ ಸೇರಿ ಈ ಪ್ರಯೋಗಾಲಯ ‘ನೇತ್ರ’ ಎಂಬ ಡ್ರೋನನ್ನು ರೂಪಿಸಿತು. ನಾಲ್ಕು ರೆಕ್ಕೆಗಾಲಿಗಳ, ಒಂದೂವರೆ ಕಿಲೋ ತೂಕದ ಕಣ್ಣು ಅದು. 2013ರಲ್ಲಿ ಉತ್ತರಾಖಂಡ ಪ್ರವಾಹಕ್ಕೆ ಸಿಕ್ಕಾಗ, ಮನುಷ್ಯರು ಕಾಲಿಡಲಾಗದ ಕಣಿವೆಗಳಲ್ಲಿ ಸಿಕ್ಕಿಬಿದ್ದವರನ್ನು ಹುಡುಕಲು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಇದನ್ನು ಹಾರಿಸಿತು. ಇಂಥ ಯಂತ್ರವನ್ನು ಕಟ್ಟಿದವರಿಗೆ ‘ನೀವು ಕಟ್ಟಬಾರದಿತ್ತು’ ಎಂದು ಹೇಳುವವನು ಆ ಕಣಿವೆಗಳಲ್ಲಿದ್ದವರಿಗೆ ಮುಖ ತೋರಿಸಲಾರ. ಇದೇ ಬಗೆಯ ಡ್ರೋನು ಊರಿನೊಳಗೆ ಜಾತ್ರೆಯ ಮೇಲೆ, ಮೆರವಣಿಗೆಯ ಮೇಲೆ, ಪ್ರತಿಭಟನೆಯ ಮೇಲೆಯೂ ಹಾರುತ್ತದೆ ಎಂಬುದೂ ಅಷ್ಟೇ ನಿಜ. (ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಕೇಂದ್ರ ರೂಪಿಸಿದ ಅಂತರ್ಜಾಲ ನಿಗಾ ವ್ಯವಸ್ಥೆಯ ಹೆಸರೂ ‘ನೇತ್ರ’ವೇ. ಒಂದು ಆಕಾಶದಿಂದ ನೋಡುತ್ತದೆ, ಇನ್ನೊಂದು ತಂತಿಯೊಳಗಿನ ಸಂಚಾರವನ್ನು.)

ಇಲ್ಲಿಗೆ ಬಂದಾಗ ತಪ್ಪದೆ ಎದುರಾಗುವ ಮಾತು: ಚಾಕು ಮಾಡಿದವನು ತರಕಾರಿ ಹೆಚ್ಚುವವನಿಗೂ ಕೊಲೆಗಾರನಿಗೂ ಒಂದೇ ಚಾಕು ಕೊಡುತ್ತಾನೆ, ಹೊಣೆ ಹಿಡಿದ ಕೈಯದು. ವಿಜ್ಞಾನಿಗಳ ಬಾಯಲ್ಲಿ ಈ ಮಾತು ಎಷ್ಟು ಸವೆದಿದೆಯೆಂದರೆ ಅದನ್ನು ಪರೀಕ್ಷಿಸುವ ಗೋಜಿಗೇ ಹೆಚ್ಚಿನವರು ಹೋಗುವುದಿಲ್ಲ. ಚಾಕು ಯಾವುದನ್ನು ಕತ್ತರಿಸಬೇಕೆಂದು ತಾನೇ ತೀರ್ಮಾನಿಸುವುದಿಲ್ಲ. ಮುಖ ಗುರುತಿಸುವ ತಂತ್ರಾಂಶ ಮಾಡುವ ಕೆಲಸವೇ ತೀರ್ಮಾನ. ಅದು ಕ್ಯಾಮೆರಾ ಕಂಡ ಮುಖವನ್ನು ಕೆಲವು ನೂರು ಅಂಕಿಗಳ ಸಾಲಾಗಿ ಪರಿವರ್ತಿಸುತ್ತದೆ; ಕಡತದಲ್ಲಿರುವ ಪ್ರತಿ ಮುಖದ ಅಂಕಿಸಾಲಿನೊಂದಿಗೆ ಅದನ್ನು ಹೋಲಿಸಿ, ಎರಡರ ನಡುವಿನ ಸಾಮೀಪ್ಯಕ್ಕೆ ಒಂದು ಅಂಕ ಕೊಡುತ್ತದೆ. ಆ ಅಂಕ ಒಂದು ಗೆರೆ ದಾಟಿದರೆ ‘ಹೊಂದಿಕೆಯಾಯಿತು’ ಎನ್ನುತ್ತದೆ, ದಾಟದಿದ್ದರೆ ಸುಮ್ಮನಾಗುತ್ತದೆ. ಗೆರೆಯನ್ನು ಕೆಳಗಿಳಿಸಿದರೆ ತಪ್ಪಿಸಿಕೊಳ್ಳುವ ಅಪರಾಧಿಗಳು ಕಡಿಮೆಯಾಗುತ್ತಾರೆ, ಸಿಕ್ಕಿಬೀಳುವ ಅಮಾಯಕರು ಹೆಚ್ಚುತ್ತಾರೆ. ಮೇಲೇರಿಸಿದರೆ ಇದರ ತಿರುಗುಮುರುಗು. ಎರಡೂ ತಪ್ಪುಗಳನ್ನು ಒಟ್ಟಿಗೇ ಸೊನ್ನೆಗಿಳಿಸುವ ಗೆರೆ ಯಾವ ಗಣಿತದಲ್ಲೂ ಇಲ್ಲ. ಹಾಗಾಗಿ ಗೆರೆ ಎಲ್ಲಿರಬೇಕು ಎಂಬುದು, ಯಾರ ಕಷ್ಟಕ್ಕೆ ಎಷ್ಟು ಬೆಲೆ ಎಂಬ ಪ್ರಶ್ನೆಯೇ. ನ್ಯಾಯಾಲಯಗಳು ನೂರಾರು ವರ್ಷ ಜಗ್ಗಾಡಿ, ಸಂಶಯದ ಲಾಭ ಆರೋಪಿಗೆ ಎಂಬ ನಿಲುವಿಗೆ ಬಂದ ಪ್ರಶ್ನೆ ಇದು. ತಂತ್ರಾಂಶದಲ್ಲಿ ಅದಕ್ಕೆ ಉತ್ತರ ಕೊಡುವುದು ಒಂದು ಸಾಲು ಕೋಡ್.

ಸಣ್ಣ ಲೆಕ್ಕವೊಂದನ್ನು ಮಾಡಿದರೆ ಇದರ ತೂಕ ತಿಳಿಯುತ್ತದೆ. ಭೋಸರಿಯ ಮೇಲ್ಸೇತುವೆಯ ಕೆಳಗಿನ ಚೌಕದಲ್ಲಿ ದಿನಕ್ಕೆ 50,000 ಜನ ಒಂದು ಕ್ಯಾಮೆರಾದ ಕಣ್ಣಿಗೆ ಬೀಳುತ್ತಾರೆ ಎಂದಿಟ್ಟುಕೊಳ್ಳೋಣ. ಪೊಲೀಸರ ಬಳಿಯ ಪಟ್ಟಿಯಲ್ಲಿ 10,000 ಮುಖಗಳಿವೆ ಎನ್ನೋಣ. ತಂತ್ರಾಂಶ ಬಹಳ ಒಳ್ಳೆಯದು. ಎರಡು ಬೇರೆ ಬೇರೆ ಮುಖಗಳನ್ನು ಒಂದೇ ಎಂದು ತಪ್ಪಾಗಿ ಹೇಳುವುದು ಲಕ್ಷ ಹೋಲಿಕೆಗೆ ಒಂದು ಸಲ ಮಾತ್ರ. ಕೇಳಲು ಹಿತವಾಗಿದೆ. ಆದರೆ ದಾರಿಯಲ್ಲಿ ಹೋಗುವ ಪ್ರತಿಯೊಬ್ಬರ ಮುಖವೂ 10,000 ಮುಖಗಳೊಂದಿಗೆ ಹೋಲಿಕೆಯಾಗುತ್ತದೆ. ಅಂದರೆ ಯಾವ ಅಪರಾಧವನ್ನೂ ಮಾಡದ ವ್ಯಕ್ತಿಯೊಬ್ಬ ಪಟ್ಟಿಯ ಯಾರೋ ಒಬ್ಬರಿಗೆ ‘ಹೊಂದಿಕೆ’ಯಾಗುವ ಸಂಭವ ಹೆಚ್ಚುಕಡಿಮೆ ಹತ್ತರಲ್ಲಿ ಒಂದು. ದಿನಕ್ಕೆ ಐದು ಸಾವಿರದ ಆಸುಪಾಸು ಸುಳ್ಳು ಎಚ್ಚರಿಕೆ. ಗೆರೆಯನ್ನು ಇನ್ನಷ್ಟು ಬಿಗಿಮಾಡಿ ತಪ್ಪನ್ನು ಹತ್ತು ಲಕ್ಷಕ್ಕೆ ಒಂದಕ್ಕೆ ಇಳಿಸಿದರೂ ದಿನಕ್ಕೆ ಐನೂರು. ನಿಜವಾಗಿ ಪಟ್ಟಿಯಲ್ಲಿರುವ ಯಾರಾದರೂ ಆ ದಿನ ಆ ದಾರಿಯಲ್ಲಿ ಬಂದರೆ ಒಬ್ಬರೋ ಇಬ್ಬರೋ. ಸಂಖ್ಯಾಶಾಸ್ತ್ರ ಓದಿದವರಿಗೆ ಇದು ಮೊದಲ ವರ್ಷದ ಪಾಠ. ಆದರೆ ಟೆಂಡರಿನ ಹಾಳೆಯಲ್ಲಿ, ಉದ್ಘಾಟನೆಯ ಪ್ರಕಟಣೆಯಲ್ಲಿ ಕಾಣಿಸುವುದು ‘ಶೇ. 99ಕ್ಕೂ ಹೆಚ್ಚು ನಿಖರತೆ’ ಎಂಬ ಒಂದೇ ಸಾಲು. ಆ ಸಾಲನ್ನು ಓದಿದ ಅಧಿಕಾರಿಗೆ ಇದರರ್ಥ ಏನಲ್ಲ ಎಂಬುದನ್ನು ತಿಳಿಸಬಲ್ಲವನು ತಂತ್ರಾಂಶ ಬರೆದವನೊಬ್ಬನೇ. ಅವನು ಸುಮ್ಮನಿದ್ದರೆ ಆ ಮೌನಕ್ಕೂ ಬೆಲೆ ತೆರುವವರಿದ್ದಾರೆ.

ಮುಖ ನೋಡಿ ಗೆರೆ ಎಳೆಯುವ ಈ ಕೆಲಸ ವಾಸ್ತವದಲ್ಲಿ ಹೇಗೆ ನಡೆದಿದೆ? 2018ರ ಜುಲೈನಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಸಂಘಟನೆಯೊಂದು ಅಮೆಜಾನ್ ಕಂಪನಿಯ ‘ರೆಕಗ್ನಿಷನ್’ ತಂತ್ರಾಂಶದಲ್ಲಿ ಅಲ್ಲಿನ ಸಂಸದರ ಭಾವಚಿತ್ರಗಳನ್ನು ಬಂಧಿತರ 25,000 ಚಿತ್ರಗಳೊಂದಿಗೆ ಹೋಲಿಸಿ ನೋಡಿತು. 28 ಸಂಸದರು ಬಂಧಿತರ ಪಟ್ಟಿಯಲ್ಲಿ ‘ಸಿಕ್ಕರು’. ಕಂಪನಿಯ ಸಮಜಾಯಿಷಿ ಕುತೂಹಲಕರವಾಗಿತ್ತು: ಪರೀಕ್ಷೆ ನಡೆಸಿದವರು ಗೆರೆಯನ್ನು 80ರಲ್ಲೇ ಬಿಟ್ಟಿದ್ದರು, ಪೊಲೀಸ್ ಕೆಲಸಕ್ಕೆ ಅದು ಬಹಳ ಮೇಲಿರಬೇಕು ಎಂದು. ಆದರೆ 80 ಎಂಬುದು ಕಂಪನಿಯೇ ತಂತ್ರಾಂಶದಲ್ಲಿ ಮೊದಲಿನಿಂದ ಇಟ್ಟು ಕಳಿಸಿದ ಅಂಕ. ಯಾರೂ ಮುಟ್ಟದೆ ಹೋದರೆ ಉಳಿಯುವುದು ಅದೇ, ಮತ್ತು ಬಹುಪಾಲು ಜನ ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಏನಾಗಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕಾಯಿತು. ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಕೇಳಿದ ಪ್ರಶ್ನೆಗೆ 2022ರಲ್ಲಿ ದೆಹಲಿ ಪೊಲೀಸರು ಕೊಟ್ಟ ಉತ್ತರದ ಪ್ರಕಾರ, ಶೇ. 80ಕ್ಕಿಂತ ಹೆಚ್ಚು ಹೋಲಿಕೆ ಬಂದರೆ ಅದನ್ನು ಅವರು ಹೊಂದಿಕೆ ಎಂದೇ ಪರಿಗಣಿಸುತ್ತಾರೆ. ಎರಡು ಬೇರೆ ತಂತ್ರಾಂಶಗಳ ಎಂಬತ್ತುಗಳನ್ನು ನೇರವಾಗಿ ಹೋಲಿಸಲಾಗದು, ನಿಜ. ಆದರೆ ಶೇ. 80 ಹೋಲಿಕೆ ಎಂದರೆ ‘ಇವನೇ ಆಗಿರುವ ಸಂಭವ ಶೇ. 80’ ಎಂದಲ್ಲ. ಅದು ಆ ತಂತ್ರಾಂಶದೊಳಗಿನ ಅಳತೆಗೋಲಿನ ಒಂದು ಗುರುತು ಮಾತ್ರ. ಠಾಣೆಯ ಪೇದೆಗೆ, ಸಾಕ್ಷ್ಯ ನೋಡುವ ಮ್ಯಾಜಿಸ್ಟ್ರೇಟರಿಗೆ ಈ ವ್ಯತ್ಯಾಸ ಯಾರು ಹೇಳಿದರು? 2020ರ ಮಾರ್ಚ್‌ನಲ್ಲಿ, ದೆಹಲಿ ಗಲಭೆಯ 1,100ಕ್ಕೂ ಹೆಚ್ಚು ಜನರನ್ನು ಮುಖ ಗುರುತಿಸುವ ತಂತ್ರಾಂಶದಿಂದ ಪತ್ತೆಹಚ್ಚಲಾಗಿದೆ ಎಂದು ಗೃಹ ಸಚಿವರು ಲೋಕಸಭೆಯಲ್ಲಿ ಹೇಳಿದ್ದರು. ತಂತ್ರಾಂಶ ಎಷ್ಟು ಜನರನ್ನು ತಪ್ಪಾಗಿ ತೋರಿಸಿತ್ತು ಎಂಬ ಲೆಕ್ಕವೂ ಅದರ ಪಕ್ಕದಲ್ಲಿ ಇರಬೇಕಿತ್ತು.

ಗೆರೆಗಿಂತ ಮೊದಲಿನ ಆಯ್ಕೆ ಇನ್ನೊಂದಿದೆ: ಯಂತ್ರಕ್ಕೆ ಯಾರ ಮುಖಗಳನ್ನು ತೋರಿಸಿ ಪಾಠ ಹೇಳಿದರು ಎಂಬುದು. ಮೈಕ್ರೋಸಾಫ್ಟ್ 2016ರಲ್ಲಿ ಅಂತರ್ಜಾಲದಿಂದ ಬಾಚಿದ, ಸುಮಾರು ಒಂದು ಲಕ್ಷ ಜನರ ಒಂದು ಕೋಟಿ ಚಿತ್ರಗಳ ಸಂಗ್ರಹವನ್ನು ಸಂಶೋಧಕರಿಗೆ ಮುಕ್ತವಾಗಿ ಬಿಟ್ಟಿತು. ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಟೀಕೆ ಬಂದಾಗ 2019ರಲ್ಲಿ ಸದ್ದಿಲ್ಲದೆ ಹಿಂತೆಗೆಯಿತು, ಆ ಹೊತ್ತಿಗೆ ಅದರ ಪ್ರತಿಗಳು ಲೋಕವೆಲ್ಲ ಹರಡಿದ್ದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆ 189 ತಂತ್ರಾಂಶಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಒಬ್ಬರನ್ನು ಇನ್ನೊಬ್ಬರೆಂದು ಭ್ರಮಿಸುವ ತಪ್ಪು ಹಲವು ತಂತ್ರಾಂಶಗಳಲ್ಲಿ ಆಫ್ರಿಕಾ ಮತ್ತು ಏಷ್ಯಾ ಮೂಲದ ಮುಖಗಳ ಮಟ್ಟಿಗೆ ಬಿಳಿಯರಿಗಿಂತ ಹತ್ತರಿಂದ ನೂರು ಪಟ್ಟು ಹೆಚ್ಚಾಗಿತ್ತು. ಚೀನಾದಲ್ಲಿ ತಯಾರಾದ ಕೆಲವು ತಂತ್ರಾಂಶಗಳಲ್ಲಿ ಪೂರ್ವ ಏಷ್ಯಾದ ಮುಖಗಳಿಗೆ ಈ ತೊಂದರೆ ಇರಲಿಲ್ಲ ಎಂಬ ಸಂಗತಿಯೇ, ದೋಷ ಮುಖಗಳಲ್ಲಿಲ್ಲ, ಕಲಿಸಿದ ಚಿತ್ರಗಳಲ್ಲಿದೆ ಎಂದು ಸೂಚಿಸುತ್ತದೆ. ಭಾರತೀಯ ಮುಖಗಳ ಬಗ್ಗೆ ಇಂಥ ಪರೀಕ್ಷೆ ಅಪರೂಪ. ಗೌರವ್ ಜೈನ್ ಮತ್ತು ಸ್ಮೃತಿ ಪರ್ಶೀರಾ 2021ರಲ್ಲಿ ಚುನಾವಣಾ ಅಭ್ಯರ್ಥಿಗಳ ಚಿತ್ರಗಳನ್ನೇ ಬಳಸಿಕೊಂಡು ಪ್ರಸಿದ್ಧ ಕಂಪನಿಗಳ ತಂತ್ರಾಂಶಗಳನ್ನು ಒರೆಗೆ ಹಚ್ಚಿದರು. ಗಂಡೋ ಹೆಣ್ಣೋ ಎಂಬುದನ್ನು ಹೇಳುವುದರಲ್ಲೇ ಭಾರತೀಯ ಹೆಂಗಸರ ಮುಖಗಳ ಮುಂದೆ ಅವು ಹೆಚ್ಚು ಎಡವಿದ್ದವು. ಇಬ್ಬರು ಸಂಶೋಧಕರು ಸಾರ್ವಜನಿಕವಾಗಿ ಸಿಗುವ ಚಿತ್ರಗಳಿಂದ ಮಾಡಬಲ್ಲ ಪರೀಕ್ಷೆಯನ್ನು, ಕೋಟಿಗಟ್ಟಲೆ ರೂಪಾಯಿಯ ವ್ಯವಸ್ಥೆ ಮಾರುವವರು ಮಾರುವ ಮೊದಲು ಮಾಡಿ ಪ್ರಕಟಿಸಬಾರದೇಕೆ?

ತಪ್ಪುಗಳು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದನ್ನು ಭೋಸರಿಯಂಥ ಊರು ಬೇರೆ ಊರುಗಳಿಗಿಂತ ಚೆನ್ನಾಗಿ ತೋರಿಸುತ್ತದೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣಪುಟ್ಟ ಕಾರ್ಖಾನೆಗಳು, ಅವುಗಳ ಗುತ್ತಿಗೆ ಕಾರ್ಮಿಕರು. ಮರಾಠವಾಡಾದಿಂದ, ಉತ್ತರದ ರಾಜ್ಯಗಳಿಂದ, ನಮ್ಮ ಕಲಬುರಗಿ, ಬೀದರ್, ವಿಜಯಪುರದ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಲೇತ್ ಯಂತ್ರ, ಕೂಲಂಟ್, ಸಿಮೆಂಟುಗಳಲ್ಲಿ ದುಡಿದ ಕೈಗಳ ಬೆರಳಚ್ಚು ಸವೆದು ಬೆರಳಚ್ಚಿನ ಯಂತ್ರ ಒಪ್ಪದಿರುವುದು ದೇಶದ ದುಡಿಮೆಗಾರರೆಲ್ಲ ಬಲ್ಲ ಕಷ್ಟ. ಅದಕ್ಕೆ ಪರಿಹಾರವೆಂದು ಮುಖ ನೋಡುವ ಹಾಜರಿ ಯಂತ್ರ ಬಂತು. ಅದು ಒಪ್ಪದಿದ್ದರೆ ಕಚೇರಿಯ ಸಾಹೇಬರು ಒಂದು ಇ–ಮೇಲ್ ಬರೆದು ಸರಿಪಡಿಸಿಕೊಳ್ಳುತ್ತಾರೆ. ದಿನಗೂಲಿಯವನು ಕಳೆದುಕೊಳ್ಳುವುದು ಆ ದಿನದ ಸಂಬಳವನ್ನು. ತಂತ್ರಾಂಶದ ವರದಿಯಲ್ಲಿ ಎರಡೂ ತಲಾ ಒಂದೊಂದು ತಪ್ಪು. ಶೇಕಡಾವಾರು ಲೆಕ್ಕದಲ್ಲಿ ಸಮ. ಮನರೇಗಾ ಕಾಮಗಾರಿಗಳಲ್ಲಿ 2023ರ ಜನವರಿಯಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆರಡು ಸಲ ಫೋಟೊ ತೆಗೆದು ಹಾಜರಿ ಹಾಕುವ ನಿಯಮ ಎಲ್ಲೆಡೆ ಕಡ್ಡಾಯವಾದಾಗಲೂ, ನೆಟ್‌ವರ್ಕ್ ಸಿಗದ ಹಳ್ಳಿಗಳ ಕೂಲಿಗೆ ಕತ್ತರಿ ಬಿದ್ದದ್ದು ಹೀಗೆಯೇ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ, ಕೋವಿಡ್‌ನಿಂದಾಗಿ ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿಯನ್ನು ಆ್ಯಪ್‌ನಲ್ಲಿ ಕಳಿಸಬೇಕೆಂದು ಆದೇಶಿಸಿತ್ತು. ಗಂಟೆಗೊಂದು ಎಂಬ ಅಂಕಿಗೆ ರೋಗದ ಯಾವ ಲಕ್ಷಣ ಆಧಾರವಾಗಿತ್ತು? ವೈರಾಣು ಗಡಿಯಾರ ನೋಡಿ ಹರಡುವುದಿಲ್ಲ. ಆ ಆ್ಯಪ್ ಕಟ್ಟಿದ ಕೈಗಳಿಗೆ ‘ದಿನಕ್ಕೆರಡು ಸಲ ಸಾಲದೇ?’ ಎಂದು ಕೇಳುವ ಅವಕಾಶವಂತೂ ಇತ್ತು.

‘ನಾನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ’ ಎಂಬುದು ಎರಡನೆಯ ಆಕ್ಷೇಪ, ಮತ್ತು ಚಾಕುವಿನ ವಾದಕ್ಕಿಂತ ಬಲವಾದದ್ದು. ಜೋಸೆಫ್ ರೆಡ್ಮನ್ ಕಥೆ ಅದನ್ನು ಸಮರ್ಥಿಸುವಂತೆಯೂ ಕಾಣುತ್ತದೆ. ಚಿತ್ರದಲ್ಲಿರುವ ಮನುಷ್ಯ, ವಾಹನ, ಚೀಲಗಳನ್ನು ಕಣ್ಣು ಮಿಟುಕಿಸುವುದರೊಳಗೆ ಗುರುತಿಸುವ ‘ಯೋಲೊ’ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖ ಆತ. ಜಗತ್ತಿನ ಎಷ್ಟೋ ನಿಗಾ ಕ್ಯಾಮೆರಾಗಳ ಬೆನ್ನಲ್ಲಿ ಅದರ ಸಂತತಿ ಕೆಲಸ ಮಾಡುತ್ತಿದೆ. ಸೇನಾ ಬಳಕೆ ಮತ್ತು ಖಾಸಗಿತನದ ಚಿಂತೆಯನ್ನು ಇನ್ನು ಕಡೆಗಣಿಸಲಾರೆ ಎಂದು 2020ರ ಫೆಬ್ರುವರಿಯಲ್ಲಿ ಆತ ಆ ಸಂಶೋಧನೆಯನ್ನೇ ಕೈಬಿಟ್ಟ. ಎರಡೇ ತಿಂಗಳಲ್ಲಿ ಬೇರೆಯವರು ಅದರ ನಾಲ್ಕನೆಯ ಆವೃತ್ತಿ ತಂದರು. ಹಾಗಾದರೆ ಆತನ ತ್ಯಾಗ ವ್ಯರ್ಥವೇ? ಫಲವೊಂದನ್ನೇ ಅಳೆದರೆ ಬಹುಶಃ ಹೌದು. ಆದರೆ ‘ಬೇರೆಯವರು ಮಾಡುತ್ತಾರೆ’ ಎಂಬುದು ನನ್ನ ಕೃತ್ಯದ ಪರಿಣಾಮವನ್ನು ಕಡಿಮೆ ಮಾಡಬಹುದೇ ಹೊರತು, ಕೃತ್ಯ ನನ್ನದಲ್ಲವೆಂದು ಮಾಡುವುದಿಲ್ಲ. ಲಂಚದ ವಿಷಯದಲ್ಲಿ ಇದೇ ತರ್ಕವನ್ನು ಯಾರಾದರೂ ಹೂಡಿದರೆ ನಾವು ನಗುತ್ತೇವೆ. ವಿಜ್ಞಾನದ ಚರಿತ್ರೆಯಲ್ಲಿ ಇನ್ನೊಂದು ಬಗೆಯ ನಿರಾಕರಣೆಯೂ ಇದೆ. ಗಣಿತಜ್ಞ ನಾರ್ಬರ್ಟ್ ವೀನರ್ 1947ರ ಜನವರಿಯಲ್ಲಿ, ಯುದ್ಧಕಾಲದ ತನ್ನ ಲೇಖನವೊಂದರ ಪ್ರತಿಯನ್ನು ಕ್ಷಿಪಣಿ ಸಂಶೋಧನೆಗೆ ಕೊಡಲು ಒಪ್ಪದೆ ಬರೆದ ಪತ್ರವನ್ನು ಪತ್ರಿಕೆಯಲ್ಲಿ ಪ್ರಕಟಿಸಿದ. ಕ್ಷಿಪಣಿಗಳು ನಿಲ್ಲಲಿಲ್ಲ. ನಾಜಿ ಜರ್ಮನಿಯಿಂದ ಬಾಲ್ಯದಲ್ಲೇ ಪಾರಾಗಿ ಬಂದ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ 1976ರಲ್ಲಿ, ಯಂತ್ರಕ್ಕೆ ಮಾತು ತಿಳಿಯುವಂತೆ ಮಾಡುವ ಸಂಶೋಧನೆ ದೂರವಾಣಿ ಕದ್ದಾಲಿಕೆಯನ್ನು ಎಷ್ಟು ಅಗ್ಗವಾಗಿಸಬಹುದೆಂದು ಕೇಳಿದ. ಆ ಸಂಶೋಧನೆಯೂ ನಿಲ್ಲಲಿಲ್ಲ. ಆದರೆ ಪ್ರಶ್ನೆಯನ್ನು ಪರಿಣತರೇ ಎತ್ತಿದ್ದರಿಂದ, ಅದನ್ನು ಭಾವುಕರ ಭಯವೆಂದು ತಳ್ಳಿಹಾಕುವುದು ಮುಂದೆ ಕಷ್ಟವಾಯಿತು. 2018ರಲ್ಲಿ ಕಪ್ಪು ಹೆಂಗಸರ ಮುಖಗಳಲ್ಲಿ ಲಿಂಗ ಗುರುತಿಸುವಾಗ ತಂತ್ರಾಂಶಗಳ ತಪ್ಪು ಶೇ. 34.7ರವರೆಗೆ ಹೋಗುತ್ತದೆ, ಬಿಳಿ ಗಂಡಸರಲ್ಲಿ ಅದು ಶೇ. 0.8ನ್ನು ಮೀರುವುದಿಲ್ಲ ಎಂದು ಜಾಯ್ ಬುವಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ತೋರಿಸಿದರು. ಎರಡು ವರ್ಷದ ನಂತರ, ಪೊಲೀಸ್ ದೌರ್ಜನ್ಯದ ವಿರುದ್ಧ ಅಮೆರಿಕದ ಬೀದಿಗಳು ತುಂಬಿದ್ದಾಗ, ಐಬಿಎಂ ಸಾಮಾನ್ಯ ಬಳಕೆಯ ಮುಖ ಗುರುತಿಸುವ ತಂತ್ರಾಂಶದಿಂದ ಹಿಂದೆ ಸರಿಯಿತು. ಅಮೆಜಾನ್ ಪೊಲೀಸರಿಗೆ ಕೊಡುವುದನ್ನು ತಡೆಹಿಡಿಯಿತು. ಬೀದಿಯ ಕೂಗಿಗೆ ಕೈಯಲ್ಲಿ ಹಿಡಿಯಲು ಒಂದು ಅಳತೆ ಸಿಕ್ಕಿತ್ತು. ಹೊರನಡೆಯುವುದಕ್ಕಿಂತ ಅಳೆದು ಬಾಯಿಬಿಡುವುದು ಹೆಚ್ಚು ಫಲಕೊಟ್ಟ ಉದಾಹರಣೆ ಇದು.

ಕಾನೂನು ಮಾಡುವವರು ಇದ್ದಾರಲ್ಲ, ಅವರು ಗೆರೆ ಎಳೆಯಲಿ; ಚುನಾಯಿತರಲ್ಲದ ಎಂಜಿನಿಯರು ಸಮಾಜದ ಪರವಾಗಿ ನಿರ್ಧರಿಸುವುದೇ ಅಪಾಯ ಎನ್ನುವವರಿದ್ದಾರೆ. ಈ ಮಾತಿನಲ್ಲಿ ತಿರುಳಿದೆ. ವಿಜ್ಞಾನಿಗಳು ತಮ್ಮ ನೀತಿಯನ್ನು ಜನರ ಮೇಲೆ ಹೇರಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ನಮ್ಮಲ್ಲಿ ಕಾನೂನಿನ ಸ್ಥಿತಿ ಏನು ನೋಡೋಣ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಿಂದ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಸರ್ಕಾರ ಅದರೊಳಗೆ ಕೈಹಾಕಬೇಕಾದರೆ ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಆದರೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಸರ್ಕಾರ ತಾನು ಸೂಚಿಸಿದ ತನ್ನದೇ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಕೊಡಬಹುದು. ಮುಖ ಗುರುತಿಸುವ ತಂತ್ರಾಂಶಕ್ಕೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ‘ತಕ್ಕಷ್ಟೇ’ ಎಂಬ ಮೂರನೆಯ ಷರತ್ತು ಇಲ್ಲಿ ಮುಖ್ಯ. ಒಂದು ಕ್ಯಾಮೆರಾ ಜಾಲ ತನ್ನ ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ ಎಂದು ನ್ಯಾಯಾಧೀಶರು ತೀರ್ಮಾನಿಸಬೇಕಾದರೆ ಅವರ ಮುಂದೆ ತಪ್ಪಿನ ಪ್ರಮಾಣ, ನೆನಪಿನ ಅವಧಿ, ಗೆರೆಯ ಅಂಕ ಇರಬೇಕು. ಅವೆಲ್ಲ ಇರುವುದು ವಿಜ್ಞಾನಿಯ ಕಡತದಲ್ಲಿ. ಹಾಗಾಗಿ ಕಾನೂನು ವಿಜ್ಞಾನಿಯ ಹೊಣೆಯನ್ನು ಇಳಿಸುವುದಿಲ್ಲ, ಅದರ ಮೇಲೆಯೇ ಆತುಕೊಂಡಿದೆ.

ಭದ್ರತೆಯ ವಾದವನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. 2010ರ ಫೆಬ್ರುವರಿ 13ರಂದು ಜರ್ಮನ್ ಬೇಕರಿಯ ಸ್ಫೋಟದಲ್ಲಿ 17 ಜನ ಸತ್ತ ಊರು ಪುಣೆ. 2012ರ ಆಗಸ್ಟ್‌ನಲ್ಲಿ ಜಂಗಲಿ ಮಹಾರಾಜ ರಸ್ತೆಯಲ್ಲಿ ಮತ್ತೆ ಸರಣಿ ಸ್ಫೋಟ. ನಗರವ್ಯಾಪಿ ಕ್ಯಾಮೆರಾ ಜಾಲ ಬಂದದ್ದು ಈ ಗಾಯಗಳ ಮೇಲೆ. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ‘ಸೇಫ್ ಸಿಟಿ’ ಯೋಜನೆಯಡಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಹಾಕುವ ಸುಮಾರು 496 ಕೋಟಿ ರೂಪಾಯಿಯ ಗುತ್ತಿಗೆ 2021ರಲ್ಲಿ ಸಿಕ್ಕಿದ್ದು ಪುಣೆಯ ಹಡಪ್ಸರದಲ್ಲಿ ಕೇಂದ್ರ ಕಚೇರಿಯಿರುವ ಹನಿವೆಲ್ ಆಟೊಮೇಷನ್ ಕಂಪನಿಗೆ. ಹೆಂಗಸರ ಸುರಕ್ಷೆ ಎಂಬ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಉದ್ದೇಶ ಹಿರಿದಾದಷ್ಟೂ, ಯಂತ್ರ ಅದನ್ನು ಈಡೇರಿಸುತ್ತಿದೆಯೇ ಎಂದು ಅಳೆಯುವ ಹೊಣೆಯೂ ಹಿರಿದಾಗಬೇಕು. ಕಾಣೆಯಾದ ಮಕ್ಕಳನ್ನು ಹುಡುಕಲೆಂದು 2018ರಲ್ಲಿ ದೆಹಲಿ ಪೊಲೀಸರು ಮುಖ ಗುರುತಿಸುವ ತಂತ್ರಾಂಶ ತಂದರು. ಅದಕ್ಕಿಂತ ಕರುಣೆಯ ಉದ್ದೇಶ ಬೇರೊಂದಿಲ್ಲ. ಮರುವರ್ಷ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೇಳಿದ್ದು, ಅದರ ನಿಖರತೆ ಶೇ. 1ಕ್ಕಿಂತ ಕಡಿಮೆ, ಗಂಡು ಮಗು ಹೆಣ್ಣು ಮಗುವಿನ ವ್ಯತ್ಯಾಸವೂ ಅದಕ್ಕೆ ತಿಳಿಯುತ್ತಿಲ್ಲ ಎಂದು. ಮಕ್ಕಳಿಗಾಗಿ ತಂದ ಆ ತಂತ್ರಾಂಶ ಆಮೇಲೆ ಪ್ರತಿಭಟನಕಾರರನ್ನು ನೋಡಲು ಬಳಕೆಯಾಯಿತು. ಮಕ್ಕಳ ವಿಷಯದಲ್ಲಿ ಸೋತ ಯಂತ್ರ ದೊಡ್ಡವರ ವಿಷಯದಲ್ಲಿ ನಂಬಲರ್ಹವಾದದ್ದು ಹೇಗೆಂದು ಅದನ್ನು ಒದಗಿಸಿದವರು ವಿವರಿಸಲಿಲ್ಲ.

ಕೊನೆಗೆ ಉಳಿಯುವುದು ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. ವೀನರ್ ಎಂಐಟಿಯ ಪ್ರಾಧ್ಯಾಪಕ. ಬೇಡವೆನ್ನುವ ಸವಲತ್ತು ಇದ್ದವ. ಸಾಲದ ಕಂತು ಕಟ್ಟುವ, ಪ್ರೊಬೇಷನ್ ಮುಗಿಯದ, ಮೂರು ಹಂತ ಕೆಳಗಿನ ಉಪಗುತ್ತಿಗೆ ಕಂಪನಿಯಲ್ಲಿ ಕೋಡ್ ಬರೆಯುವ ಇಪ್ಪತ್ನಾಲ್ಕರ ಹುಡುಗಿಗೆ ನೀತಿ ಬೋಧಿಸುವುದು ಸುಲಭ, ಮತ್ತು ಸ್ವಲ್ಪ ಕ್ರೂರ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊಣೆ ಎಲ್ಲರಿಗೂ ಒಂದೇ ಅಲ್ಲ. ಹೆಚ್ಚು ತಿಳಿದವರಿಗೆ, ಇಲ್ಲವೆನ್ನಲು ಹೆಚ್ಚು ಅವಕಾಶವಿದ್ದವರಿಗೆ ಹೆಚ್ಚು. ಮಾನದಂಡ ಬರೆಯುವ ಸಮಿತಿಯ ಸದಸ್ಯರು, ಸಂಶೋಧನಾ ಪ್ರಬಂಧಕ್ಕೆ ಮುದ್ರೆ ಒತ್ತುವ ಪ್ರಾಧ್ಯಾಪಕರು, ಟೆಂಡರಿನ ತಾಂತ್ರಿಕ ಪರಿಶೀಲನೆಗೆ ಕೂರುವ ಐಐಟಿಯ ತಜ್ಞರು ಮೊದಲ ಸಾಲಿನಲ್ಲಿದ್ದಾರೆ. ಒಬ್ಬೊಬ್ಬರ ಧೈರ್ಯವನ್ನು ನೆಚ್ಚಿಕೊಳ್ಳದೆ ಹೊಣೆಯನ್ನು ವ್ಯವಸ್ಥೆಯೊಳಗೇ ಕೂರಿಸುವುದು ಹೇಗೆಂಬುದಕ್ಕೆ ದೂರ ಹೋಗಬೇಕಿಲ್ಲ. ಭೋಸರಿಯ ಪಕ್ಕದ ಪಿಂಪ್ರಿಯಲ್ಲೇ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಹುಟ್ಟಿತು. ಕನ್ನಡಿಗ ಶಿಲೀಂಧ್ರ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ‘ಹ್ಯಾಮೈಸಿನ್’ ಎಂಬ ಶಿಲೀಂಧ್ರನಾಶಕವನ್ನು ಕಂಡುಹಿಡಿದದ್ದು ಅಲ್ಲಿ. ಇವತ್ತು ಅಂಥ ಹೊಸ ಔಷಧವೊಂದು ರೋಗಿಯ ಮೈ ಮುಟ್ಟಬೇಕಾದರೆ 2019ರ ನಿಯಮಗಳ ಪ್ರಕಾರ ನೀತಿ ಸಮಿತಿಯ ಒಪ್ಪಿಗೆ ಬೇಕು, ಪರೀಕ್ಷೆಗೊಳಗಾಗುವವರ ಸಹಿ ಬೇಕು, ಅಡ್ಡಪರಿಣಾಮವಾದರೆ ವರದಿ ಬೇಕು, ಸಾವಾದರೆ ಪರಿಹಾರ ಬೇಕು. ಔಷಧ ಕಂಪನಿಯ ಕಿರಿಯ ರಸಾಯನಶಾಸ್ತ್ರಜ್ಞೆ ವೀರಳಾಗಬೇಕಾಗಿಲ್ಲ. ನಿಯಮವೇ ಅವಳ ಪರವಾಗಿ ‘ತಡೆಯಿರಿ’ ಎನ್ನುತ್ತದೆ. ಲಕ್ಷಾಂತರ ಮುಖಗಳ ಮೇಲೆ ದಿನವೂ ಪ್ರಯೋಗ ನಡೆಸುವ ತಂತ್ರಾಂಶಕ್ಕೆ ಇದರಲ್ಲಿ ಒಂದೂ ಅನ್ವಯಿಸುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸಿಸಿಟಿವಿ ಕ್ಯಾಮೆರಾಗಳಿಗೆ ಕಡ್ಡಾಯ ಪರೀಕ್ಷೆಯನ್ನೇನೋ ತಂದಿತು. ಕ್ಯಾಮೆರಾದೊಳಗೆ ಹೊರದೇಶದ ಗೂಢಚಾರನಿಗೆ ಕಳ್ಳಗಿಂಡಿ ಇದೆಯೇ ಎಂದು ಅದು ನೋಡುತ್ತದೆ. ಕ್ಯಾಮೆರಾಗೆ ಜೋಡಿಸಿದ ತಂತ್ರಾಂಶ ಬೀದರಿನ ಕೂಲಿಯಾಳನ್ನು ಕಳ್ಳನೆಂದು ಎಷ್ಟು ಸಲ ತಪ್ಪಾಗಿ ತೋರಿಸುತ್ತದೆ ಎಂಬುದು ಆ ಪರೀಕ್ಷೆಯ ವಿಷಯವಲ್ಲ.

ಕಟ್ಟಡಗಳ ವಿಷಯದಲ್ಲಿ ನಾವು ಇನ್ನೂ ಸರಳವಾದ ಉಪಾಯ ಕಂಡುಕೊಂಡಿದ್ದೇವೆ. ಬಹುಮಹಡಿ ಕಟ್ಟಡದ ನಕ್ಷೆಯ ಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ತನ್ನ ಹೆಸರು, ಪರವಾನಗಿ ಸಂಖ್ಯೆ ಬರೆದು ಸಹಿ ಹಾಕಬೇಕು. ಕಂಬ ಕುಸಿದರೆ ಆ ಕಾಗದ ಹೊರಬರುತ್ತದೆ. ಸಹಿ ಹಾಕುವವನು ಮಾಲೀಕನಿಗಿಂತ ಬಡವನೇ, ಆದರೂ ‘ಈ ಕಂಬಕ್ಕೆ ಇಷ್ಟು ಕಬ್ಬಿಣ ಸಾಲದು’ ಎನ್ನುವ ಬಲ ಅವನಿಗೆ ಸಿಗುವುದು ಆ ಸಹಿಯಿಂದಲೇ. ಮುಖ ಗುರುತಿಸುವ ವ್ಯವಸ್ಥೆಯನ್ನು ಒಂದು ನಗರಕ್ಕೆ ಒಪ್ಪಿಸುವಾಗಲೂ ಒಂದು ಹಾಳೆ ಜೊತೆಗೆ ಹೋಗಬಹುದು: ಹೋಲಿಕೆಯ ಗೆರೆ ಎಷ್ಟರಲ್ಲಿದೆ, ಯಾವ ಮುಖಗಳ ಮೇಲೆ ಪರೀಕ್ಷಿಸಲಾಯಿತು, ಹತ್ತು ಸಾವಿರದ ಪಟ್ಟಿಗೆ ದಿನಕ್ಕೆ ಎಷ್ಟು ಸುಳ್ಳು ಎಚ್ಚರಿಕೆ ನಿರೀಕ್ಷಿಸಬೇಕು, ಚಿತ್ರಗಳು ಎಷ್ಟು ದಿನಕ್ಕೆ ಅಳಿಸಿಹೋಗುತ್ತವೆ, ಮತ್ತು ಕೆಳಗೆ ಇದನ್ನು ನಿರ್ಧರಿಸಿದ ಎಂಜಿನಿಯರಿನ ಹೆಸರು. ಬಸ್ಸಿನ ಟ್ರ್ಯಾಕಿಂಗ್ ಪೆಟ್ಟಿಗೆಗೂ ಇಂಥದೇ ಒಂದು ಹಾಳೆ ಸಾಧ್ಯ. ಯಾವ ಹೊಸ ಕಾಯ್ದೆಯನ್ನೂ ಕಾಯದೆ, ಟೆಂಡರಿನ ಷರತ್ತುಗಳಿಗೆ ಒಂದು ಪುಟ ಸೇರಿಸಿ ಯಾವುದೇ ಮಹಾನಗರ ಪಾಲಿಕೆ ಇದನ್ನು ಕೇಳಬಹುದು. ಪಾಲಿಕೆ ಕೇಳದಿದ್ದರೂ ತಯಾರಕರು ತಾವಾಗಿ ಲಗತ್ತಿಸಬಹುದು. ದೆಹಲಿಯ ಎಂಬತ್ತನ್ನು ಹೊರಗೆಳೆಯಲು ಮಾಹಿತಿ ಹಕ್ಕಿನ ಕಾಯ್ದೆ ಬೇಕಾಯಿತು. ಅಂಕ ಸಿಕ್ಕಿತು, ಅದನ್ನು ಇಟ್ಟವರ ಹೆಸರು ಆ ಉತ್ತರದಲ್ಲಿ ಇರಲಿಲ್ಲ.